ಮೂರು ಕಾಗದ ಪಾಸಿಟಿವ್, ಒಂದು ನೆಗೆಟಿವ್: ಬೆಳಗಾವಿಯ ಒಂದು ಪ್ರಕರಣ

ಮನುಷ್ಯನ ರಕ್ತದ ಗುಂಪು ಅರ್ಧ ಆಯುಷ್ಯದಲ್ಲಿ ಬದಲಾಗುತ್ತದಾ? ನಾನು ಬೆಳಗಾವಿಯ ಒಂದು ರಕ್ತ ಕೇಂದ್ರದ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಈ ಪ್ರಶ್ನೆ ನಮ್ಮ ಕೌಂಟರಿಗೆ ಆಗಾಗ ಬರುತ್ತದೆ. ಕೇಳುವವರು ಸುಮ್ನೆ ಕುತೂಹಲಕ್ಕೆ ಕೇಳುವುದಿಲ್ಲ. ಅವರ ಕೈಯಲ್ಲಿ ಎರಡು ಕಾಗದ ಇರುತ್ತವೆ, ಒಂದೊಂದರಲ್ಲಿ ಒಂದೊಂದು ಗುಂಪು ಬರೆದಿರುತ್ತದೆ. ಎದೆಯಲ್ಲಿ ಹೆದರಿಕೆ ಇರುತ್ತದೆ. ಅಂಥ ಒಂದು ಪ್ರಕರಣವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಕುಟುಂಬದವರ ಒಪ್ಪಿಗೆ ಇದೆ. ಗುರುತು ಸಿಗಬಾರದೆಂದು ಊರು, ವಯಸ್ಸಿನಂಥ ಕೆಲವು ವಿವರ ಬದಲಿಸಿದ್ದೇನೆ. ರಕ್ತಕ್ಕೆ ಸಂಬಂಧಪಟ್ಟ ಯಾವುದನ್ನೂ ಬದಲಿಸಿಲ್ಲ.

ಹಿನ್ನೆಲೆ

ಆಕೆ ಬಾಗಲಕೋಟೆ ಜಿಲ್ಲೆಯ ಜಮಖಂಡಿ ಕಡೆಯ ಹೆಣ್ಣುಮಗಳು. ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ವಯಸ್ಸು 26. ಮೊದಲ ಮಗು ಗಂಡು, 3 ವರ್ಷದವನು. ಆ ಹೆರಿಗೆ ನಮ್ಮ ಕಡೆಯ ಪದ್ಧತಿಯಂತೆ ತವರಿನಲ್ಲೇ ಆಗಿತ್ತು, ಊರಿಗೆ ಹತ್ತಿರದ ಒಂದು ಸಣ್ಣ ಆಸ್ಪತ್ರೆಯಲ್ಲಿ. ಸಹಜ ಹೆರಿಗೆ. ರಕ್ತ ಹಾಕುವ ಪ್ರಸಂಗ ಬಂದಿರಲಿಲ್ಲ. ಮೂರನೇ ದಿನ ತಾಯಿ, ಮಗು ಮನೆಗೆ ಬಂದಿದ್ದರು.

ಎರಡನೇ ಸಲ ಬಸುರಿಯಾದಾಗ ಗಂಡನ ಮನೆಯವರು ಬೆಳಗಾವಿಯಲ್ಲಿ ತೋರಿಸಲು ಶುರು ಮಾಡಿದರು. ಹೊಸ ವೈದ್ಯರು ಹಳೆಯ ಕಾಗದ ನೋಡಿ ಸುಮ್ಮನಾಗಲಿಲ್ಲ. ಎಲ್ಲ ರಕ್ತ ಪರೀಕ್ಷೆಗಳ ಜೊತೆ ಗುಂಪಿನ ಪರೀಕ್ಷೆಯನ್ನೂ ಮತ್ತೆ ಬರೆದರು. ವರದಿ ಬಂತು: ಓ ನೆಗೆಟಿವ್. ಆಗ ಆಕೆಗೆ 21 ವಾರ ತುಂಬಿತ್ತು. ಹದಿನಾಲ್ಕನೇ ವಯಸ್ಸಿನಿಂದ ತನ್ನದು ಓ ಪಾಸಿಟಿವ್ ಎಂದೇ ಆಕೆ ತಿಳಿದುಕೊಂಡಿದ್ದರು.

ವೈದ್ಯರು ಒಂದು ಚೀಟಿ ಬರೆದು ನಮ್ಮಲ್ಲಿಗೆ ಕಳಿಸಿದರು. ಆಕೆ, ಗಂಡ, ಅತ್ತೆ ಮೂವರೂ ಬಂದರು. ಅತ್ತೆಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರಿಂದ ಒಂದೊಂದೇ ಕಾಗದ ತೆಗೆದು ಟೇಬಲ್ ಮೇಲೆ ಇಟ್ಟರು. ಹೈಸ್ಕೂಲಿನ ಆರೋಗ್ಯ ಶಿಬಿರದಲ್ಲಿ ಕೊಟ್ಟ ಕಾರ್ಡ್: ಓ ಪಾಸಿಟಿವ್. ಸ್ಕೂಟಿ ಲೈಸೆನ್ಸ್: ಓ ಪಾಸಿಟಿವ್. ಮೊದಲ ಬಾಣಂತನದ ತಾಯಿ ಕಾರ್ಡ್: ಓ ಪಾಸಿಟಿವ್. ಕೊನೆಗೆ ಹೊಸ ವರದಿ.

"ಯವ್ವಾ, ಮೂರು ಕಾಗದ ಸುಳ್ಳಾಗಿ ಒಂದು ಕಾಗದ ಖರೇ ಹೆಂಗ್ ಆಗತೈತಿ? ನೀನss ಹೇಳು" ಎಂದರು.

ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕುವುದರಲ್ಲೇ ಈ ಪ್ರಕರಣದ ಅರ್ಧ ಭಾಗ ಇದೆ.

ಯಾಕೆ ಇಷ್ಟು ಗಾಬರಿ

ಓ ಎಂಬುದು ಒಂದು ವಿಷಯ, ಪಾಸಿಟಿವ್–ನೆಗೆಟಿವ್ ಎಂಬುದು ಇನ್ನೊಂದು. ಕಾರ್ಲ್ ಲ್ಯಾಂಡ್‌ಸ್ಟೈನರ್ ವಿಯೆನ್ನಾದಲ್ಲಿ ಎ, ಬಿ, ಓ ಗುಂಪುಗಳನ್ನು ಗುರುತಿಸಿದ್ದು 1901ರ ಸುಮಾರಿಗೆ. ಪಾಸಿಟಿವ್–ನೆಗೆಟಿವ್ ಹೇಳುವ ಆರ್‌ಎಚ್ ಬೆಳಕಿಗೆ ಬಂದದ್ದು 1940ರಲ್ಲಿ. ಎರಡಕ್ಕೂ ಬೇರೆ ಬೇರೆ ಜೀನ್. ಕೆಂಪು ರಕ್ತಕಣದ ಮೇಲೆ ಡಿ ಎಂಬ ಅಂಶ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ನಮ್ಮ ದೇಶದಲ್ಲಿ ಸುಮಾರು 100ಕ್ಕೆ 95 ಜನ ಪಾಸಿಟಿವ್.

ನೆಗೆಟಿವ್ ಆಗಿರುವುದು ರೋಗ ಅಲ್ಲ. ಆದರೆ ತಾಯಿ ನೆಗೆಟಿವ್, ಹೊಟ್ಟೆಯಲ್ಲಿರುವ ಮಗು ಪಾಸಿಟಿವ್ ಆದಾಗ ಎಚ್ಚರ ಬೇಕು. ಹೆರಿಗೆಯ ಹೊತ್ತಿನಲ್ಲಿ ಮಗುವಿನ ಒಂದಷ್ಟು ರಕ್ತ ತಾಯಿಯ ರಕ್ತಕ್ಕೆ ಸೇರುತ್ತದೆ. ತಾಯಿಯ ದೇಹ ಡಿ ಅಂಶವನ್ನು ಹೊರಗಿನದೆಂದು ತಿಳಿದು ಅದರ ವಿರುದ್ಧ ಪ್ರತಿಕಾಯ ಮಾಡಿಕೊಳ್ಳಬಹುದು. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಅಷ್ಟರಲ್ಲಿ ಅದು ಹೊರಗೆ ಬಂದಿರುತ್ತದೆ. ಮುಂದಿನ ಬಸಿರಿನಲ್ಲಿ ಅದೇ ಪ್ರತಿಕಾಯ ಮಾಸನ್ನು ದಾಟಿ ಎರಡನೇ ಮಗುವಿನ ರಕ್ತಕಣಗಳನ್ನು ಒಡೆಯುತ್ತದೆ. ಮಗುವಿಗೆ ರಕ್ತ ಕಡಿಮೆಯಾಗುತ್ತದೆ, ಹುಟ್ಟಿದ ಮೇಲೆ ಕಾಮಾಲೆ ಜೋರಾಗುತ್ತದೆ. ತೀರಾ ಹೆಚ್ಚಾದರೆ ಮಗು ಹೊಟ್ಟೆಯಲ್ಲೇ ಹೋಗಬಹುದು.

ಇದನ್ನು ತಡೆಯುವ ಆಂಟಿ-ಡಿ ಇಂಜೆಕ್ಷನ್ 1968ರಿಂದಲೂ ಇದೆ. 28ನೇ ವಾರಕ್ಕೆ ಒಂದು, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಆದರೆ ಒಂದು ಷರತ್ತು ಇದೆ. ಪ್ರತಿಕಾಯ ಹುಟ್ಟುವ ಮೊದಲೇ ಇಂಜೆಕ್ಷನ್ ಕೊಡಬೇಕು. ಒಮ್ಮೆ ಹುಟ್ಟಿಕೊಂಡಿತೆಂದರೆ ಅದರಿಂದ ಉಪಯೋಗ ಇಲ್ಲ.

ಈ ಹೆಣ್ಣುಮಗಳಿಗೆ ಮೊದಲ ಹೆರಿಗೆಯಲ್ಲಿ ಇಂಜೆಕ್ಷನ್ ಕೊಟ್ಟಿರಲಿಲ್ಲ. ತಾಯಿ ಕಾರ್ಡಿನಲ್ಲಿ ಪಾಸಿಟಿವ್ ಎಂದಿತ್ತು, ಯಾರು ಯಾಕೆ ಕೊಡುತ್ತಾರೆ? ಹೊಸ ವರದಿ ಸರಿಯಾಗಿದ್ದರೆ ಆಗಲೇ ಪ್ರತಿಕಾಯ ಬೆಳೆದಿರುವ ಸಾಧ್ಯತೆ ಇತ್ತು. ವೈದ್ಯರಿಗೆ ಚಿಂತೆ ಹತ್ತಿದ್ದು ಅದಕ್ಕೇ.

ಮೂರು ಕಾಗದದ ಬೇರು

ಮೊದಲು ನಾವು ಸೂಜಿ ಚುಚ್ಚಲಿಲ್ಲ. ಕೂರಿಸಿ ಮಾತಾಡಿಸಿದೆವು. ಒಂದೊಂದೇ ಕಾಗದ ಹಿಡಿದು ಒಂದೇ ಪ್ರಶ್ನೆ: ಈ ಗುಂಪು ಬರೆಯುವಾಗ ನಿಮ್ಮ ರಕ್ತ ತಗೊಂಡಿದ್ದರಾ?

ಲೈಸೆನ್ಸಿಗೆ? "ಇಲ್ಲರಿ, ಫಾರ್ಮ್‌ನಾಗ ನಾನೇ ಬರದಿದ್ದೆ. ಸಾಲಿ ಕಾರ್ಡ್ ನೋಡಿ ಬರದೆ." ತಾಯಿ ಕಾರ್ಡಿಗೆ? ಆಕೆ ಸ್ವಲ್ಪ ಹೊತ್ತು ಯೋಚಿಸಿದರು. ಹಿಮೋಗ್ಲೋಬಿನ್, ಶುಗರ್, ಎಚ್‌ಐವಿ ಪರೀಕ್ಷೆಗೆ ರಕ್ತ ಕೊಟ್ಟದ್ದು ನೆನಪಿತ್ತು. ಆ ಚೀಟಿಗಳು ಕಾರ್ಡಿನ ಒಳಗೇ ಇದ್ದವು. ಗುಂಪಿನ ಪರೀಕ್ಷೆಯ ಚೀಟಿ ಮಾತ್ರ ಇರಲಿಲ್ಲ. "ಗ್ರೂಪ್ ಗೊತ್ತೈತೇನು ಅಂತ ಕೇಳಿದ್ರರಿ. ನಾ ಲೈಸೆನ್ಸ್ ತೋರಿಸಿದೆ. ಅದನ್ನ ಬರಕೊಂಡ್ರು" ಎಂದರು.

ಅಲ್ಲಿಗೆ ಲೆಕ್ಕ ತಿರುವುಮುರುವಾಯಿತು. ಶಾಲೆಯ ಕಾರ್ಡಿನಿಂದ ಲೈಸೆನ್ಸ್, ಲೈಸೆನ್ಸಿನಿಂದ ತಾಯಿ ಕಾರ್ಡ್. ಮೂರು ಸಾಕ್ಷಿ ಎಂದು ಅಂದುಕೊಂಡದ್ದು ಒಬ್ಬನೇ ಸಾಕ್ಷಿ ಮೂರು ಸಲ ಆಡಿದ ಮಾತು. ರಕ್ತ ನೋಡಿ ಬರೆದದ್ದು ಇಡೀ ಚೀಲದಲ್ಲಿ ಎರಡೇ: ಹನ್ನೆರಡು ವರ್ಷ ಹಿಂದಿನ ಶಿಬಿರದ ಕಾರ್ಡ್, ಈಗಿನ ಲ್ಯಾಬ್ ವರದಿ. ಮೂರಕ್ಕೆ ಒಂದು ಅಲ್ಲ, ಒಂದಕ್ಕೆ ಒಂದು.

ಅತ್ತೆಗೆ ಇದು ತಟ್ಟನೆ ಅರ್ಥವಾಯಿತು. ಮುಖ ಸಡಿಲವಾಯಿತು. "ಅಂದ್ರ ಒಂದss ಕಾಗದ ಅನ್ನು" ಎಂದರು. ಈ ಪ್ರಕರಣದ ಮೊದಲ ತಿರುವು ಇದೇ ಎಂದು ನನ್ನ ನಂಬಿಕೆ. ಇದಾಗದೆ ಹೋಗಿದ್ದರೆ ನಾವು ಎಷ್ಟು ಸಲ ಪರೀಕ್ಷೆ ಮಾಡಿದ್ದರೂ ಮನೆಯವರ ಮನಸ್ಸಿನಲ್ಲಿ ಮೂರು ಕಾಗದದ ತೂಕವೇ ಜಾಸ್ತಿ ಇರುತ್ತಿತ್ತು.

ನಿಜಕ್ಕೂ ಬದಲಾಗುವ ಸಂದರ್ಭಗಳು

ಗಂಡನಿಗೆ ಇನ್ನೊಂದು ಅನುಮಾನ. "ಅಕ್ಕಾರ, ಹೆರಿಗಿ ಆದ ಮ್ಯಾಲೆ ಬದಲಾಗಿರಬಹುದೇನ್ರಿ? ನಮ್ಮ ದೊಡ್ಡಪ್ಪನ ಊರಾಗ ಒಬ್ರಿಗೆ ಖರೇನss ಬದಲಾಗೈತಿ. ಬೆಂಗಳೂರಾಗ ಆಪರೇಶನ್ ಆದ ಮ್ಯಾಲೆ ಎ ಇದ್ದದ್ದು ಓ ಆತು."

ಆತ ಹೇಳಿದ್ದು ಸುಳ್ಳಲ್ಲ. ಕೇಳಿದಾಗ ತಿಳಿಯಿತು, ಆ ರೋಗಿಗೆ ರಕ್ತದ ಕ್ಯಾನ್ಸರ್ ಇತ್ತು, ಅಸ್ಥಿಮಜ್ಜೆ ಕಸಿ ಆಗಿತ್ತು. ಗುಂಪು ಪೂರ್ತಿಯಾಗಿ, ಶಾಶ್ವತವಾಗಿ ಬದಲಾಗುವ ಮುಖ್ಯ ಸಂದರ್ಭ ಅದೇ. ಕೆಂಪು ರಕ್ತಕಣ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಮಜ್ಜೆಯೇ ಬೇರೆಯವರದಾದರೆ ಅಲ್ಲಿ ಹುಟ್ಟುವ ಕಣವೂ ಅವರ ಗುಂಪಿನದೇ ಆಗುತ್ತದೆ. ಹಳೆಯ ಕಣಗಳ ಆಯಸ್ಸು ಸುಮಾರು 120 ದಿನ. ಅವು ಸವೆದಂತೆ ಕೆಲವು ತಿಂಗಳಲ್ಲಿ ಗುಂಪು ಹೊಸದಕ್ಕೆ ತಿರುಗುತ್ತದೆ. ಅಂಗ ಕಸಿಯಿಂದ ಹೀಗಾಗುವುದು ತೀರಾ ಅಪರೂಪ. ಆಸ್ಟ್ರೇಲಿಯಾದಲ್ಲಿ ಯಕೃತ್ತಿನ ಕಸಿಯಾದ ಒಬ್ಬ ಹುಡುಗಿ ಓ ನೆಗೆಟಿವ್‌ನಿಂದ ಓ ಪಾಸಿಟಿವ್‌ಗೆ ತಿರುಗಿದ್ದು 2008ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿ ಜಗತ್ತಿಗೆಲ್ಲ ಸುದ್ದಿಯಾಯಿತು. ದಾನಿಯ ಯಕೃತ್ತಿನ ಜೊತೆ ಬಂದ ಮೂಲಕೋಶಗಳು ಆಕೆಯ ಮಜ್ಜೆಯಲ್ಲಿ ನೆಲೆಯೂರಿದ್ದವು.

ಬದಲಾದಂತೆ ಕಾಣುವ ಸಂದರ್ಭಗಳೂ ಇವೆ. ಕೆಲವು ರಕ್ತದ ಕ್ಯಾನ್ಸರಿನಲ್ಲಿ ಎ ಅಥವಾ ಬಿ ಅಂಶ ಮಂಕಾಗುತ್ತದೆ, ರೋಗ ಹಿಡಿತಕ್ಕೆ ಬಂದಾಗ ಮರಳುತ್ತದೆ. ಎ ಗುಂಪಿನವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಥವಾ ಸೋಂಕು ಇದ್ದಾಗ ಬ್ಯಾಕ್ಟೀರಿಯಾದ ಒಂದು ಕಿಣ್ವ ಕಣದ ಮೇಲಿನ ಸಕ್ಕರೆಯನ್ನು ಸ್ವಲ್ಪ ಮಾರ್ಪಡಿಸಿ ಬಿ ಇರುವಂತೆ ತೋರಿಸುತ್ತದೆ. ಅದೂ ತಾತ್ಕಾಲಿಕ. ಒಮ್ಮೆಲೇ ಬಾಟಲಿಗಟ್ಟಲೆ ಬೇರೆ ಗುಂಪಿನ ರಕ್ತ ಹಾಕಿದ್ದರೆ ಕೆಲವು ವಾರ ಎರಡು ಬಗೆಯ ಕಣ ಬೆರೆತು ಕಾಣುತ್ತವೆ. ಹಸುಗೂಸಿನ ಕಣಗಳ ಮೇಲೆ ಎ, ಬಿ ಅಂಶ ಇನ್ನೂ ಎಳೆಯದಾಗಿರುವುದರಿಂದ ಹುಟ್ಟಿದಾಗಿನ ವರದಿಯೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ.

ಈ ಹೆಣ್ಣುಮಗಳನ್ನು ಇದೆಲ್ಲ ಕೇಳಿದೆವು. ಕಸಿ? ಇಲ್ಲ. ಕ್ಯಾನ್ಸರ್? ಇಲ್ಲ. ರಕ್ತ ಹಾಕಿಸಿಕೊಂಡದ್ದು? ಒಮ್ಮೆಯೂ ಇಲ್ಲ. ಬಸಿರು, ಹೆರಿಗೆ, ಟೈಫಾಯಿಡ್, ಡೆಂಗಿ, ಊಟ, ವಯಸ್ಸು, ಇವ್ಯಾವುದರಿಂದಲೂ ನೆಗೆಟಿವ್ ಪಾಸಿಟಿವ್ ಆಗುವುದಿಲ್ಲ, ಪಾಸಿಟಿವ್ ನೆಗೆಟಿವ್ ಆಗುವುದಿಲ್ಲ. ಅಂದರೆ ಎರಡು ವರದಿಗಳಲ್ಲಿ ಒಂದು ತಪ್ಪಾಗಿರಬೇಕು. ಅಥವಾ ಎರಡೂ ಅರ್ಧ ಸರಿ ಇರಬೇಕು.

ಅರ್ಧ ಸರಿ ಎಂದರೆ ಏನು? ಕೆಲವರಲ್ಲಿ ಡಿ ಅಂಶ ಇರುತ್ತದೆ, ಆದರೆ ತುಂಬಾ ಕ್ಷೀಣವಾಗಿ. ಇದಕ್ಕೆ ವೀಕ್ ಡಿ ಎನ್ನುತ್ತೇವೆ. ಒಂದು ಕಂಪನಿಯ ದ್ರಾವಣದಲ್ಲಿ ಪಾಸಿಟಿವ್ ಬರುತ್ತದೆ, ಇನ್ನೊಂದರಲ್ಲಿ ನೆಗೆಟಿವ್. ಪರೀಕ್ಷೆ ಮಾಡಿದ ಇಬ್ಬರೂ ಪ್ರಾಮಾಣಿಕರೇ ಆಗಿರುತ್ತಾರೆ. ಇಂಥವರು ರಕ್ತದಾನ ಮಾಡಿದರೆ ಆ ಚೀಲಕ್ಕೆ ಪಾಸಿಟಿವ್ ಎಂದು ಚೀಟಿ ಹಚ್ಚುತ್ತೇವೆ. ಅವರಿಗೇ ರಕ್ತ ಬೇಕಾದಾಗ ಎಷ್ಟೋ ಕಡೆ ನೆಗೆಟಿವ್ ರಕ್ತವನ್ನೇ ಕೊಡುತ್ತಾರೆ. ಒಬ್ಬರೇ ಮನುಷ್ಯರು, ಎರಡು ಕಾಗದದಲ್ಲಿ ಎರಡು ಗುಂಪು, ಎರಡೂ ಸರಿಯಾದ ಕಾರಣಕ್ಕೆ! ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ ಜನ ರಕ್ತವೇ ಬದಲಾಯಿತು ಎಂದುಕೊಳ್ಳುವುದು ಸಹಜ ಅಲ್ವಾ? ನಮಗೂ ಈಕೆಯ ವಿಷಯದಲ್ಲಿ ಜಾಸ್ತಿ ಅನುಮಾನ ಇದ್ದದ್ದು ವೀಕ್ ಡಿ ಮೇಲೆಯೇ.

ಪರೀಕ್ಷೆ

ಇಲ್ಲಿ ಒಂದು ಸುಲಭದ ದಾರಿ ಇತ್ತು. ಗಂಡನೇ ಅದನ್ನು ಹೇಳಿದ್ದ: "ಸುಮ್ನ ಆ ಇಂಜೆಕ್ಷನ್ ಕೊಟ್ಟ ಬಿಡ್ರಿ, ಲುಕ್ಸಾನ ಏನೈತಿ?" ವೈದ್ಯರ ಜೊತೆ ಫೋನಿನಲ್ಲಿ ಚರ್ಚೆಯಾಯಿತು. ಆಕೆ ಬಿದ್ದಿದ್ದರೆ, ರಕ್ತಸ್ರಾವ ಆಗಿದ್ದರೆ, ಕೈಯಲ್ಲಿ ಸಮಯ ಇಲ್ಲದಿದ್ದರೆ ಹಾಗೇ ಮಾಡಬೇಕಿತ್ತು. ಅನುಮಾನ ಇದ್ದಾಗ ಹೆರುವ ವಯಸ್ಸಿನ ಹೆಣ್ಣುಮಗಳನ್ನು ನೆಗೆಟಿವ್ ಎಂದೇ ನೋಡಿಕೊಳ್ಳುವುದು ಕ್ಷೇಮ. ಪಾಸಿಟಿವ್ ಇದ್ದವರನ್ನು ನೆಗೆಟಿವ್ ಎಂದುಕೊಂಡರೆ ಒಂದು ಇಂಜೆಕ್ಷನ್, ಒಂದಷ್ಟು ದುಡ್ಡು ವ್ಯರ್ಥವಾಗುತ್ತದೆ. ನೆಗೆಟಿವ್ ಇದ್ದವರನ್ನು ಪಾಸಿಟಿವ್ ಎಂದುಕೊಂಡರೆ ಒಂದು ಮಗುವೇ ಹೋಗಬಹುದು. ಆದರೆ ಈಕೆಗೆ 28ನೇ ವಾರಕ್ಕೆ ಇನ್ನೂ ಸಮಯ ಇತ್ತು. ಇಂಜೆಕ್ಷನ್ ಅಂದರೂ ಅದೇ ಪ್ರತಿಕಾಯ. ಒಮ್ಮೆ ಕೊಟ್ಟರೆ ಆಮೇಲಿನ ಪರೀಕ್ಷೆಯಲ್ಲಿ ಕಾಣುವ ಪ್ರತಿಕಾಯ ಆಕೆಯ ದೇಹದ್ದೋ, ಸಿರಿಂಜಿನದ್ದೋ ಎಂಬ ಗೊಂದಲ ಶುರುವಾಗುತ್ತದೆ. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಇಂಜೆಕ್ಷನ್ ಎಂದು ವೈದ್ಯರು ನಿರ್ಧರಿಸಿದರು.

ಲ್ಯಾಬಿನ ವರದಿಯನ್ನೂ ನಾವು ಕಣ್ಣು ಮುಚ್ಚಿ ನಂಬಲಿಲ್ಲ. ಟ್ಯೂಬ್ ಅದಲುಬದಲಾಗುವುದು ಎಲ್ಲಿ ಬೇಕಾದರೂ ಆಗಬಹುದು. ಹೊಸದಾಗಿ ರಕ್ತ ತೆಗೆದೆವು. ತೆಗೆಯುವಾಗ "ನಿಮ್ಮ ಹೆಸರು ಇಂಥದ್ದು ಅಲ್ವಾ?" ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಗಾಬರಿಯಲ್ಲಿರುವವರು ಯಾವ ಹೆಸರಿಗೂ ತಲೆ ಆಡಿಸುತ್ತಾರೆ. "ನಿಮ್ಮ ಹೆಸರು ಹೇಳಿ" ಎಂದು ಕೇಳಿ, ಅವರ ಬಾಯಿಂದ ಬಂದದ್ದನ್ನು ಅವರ ಎದುರೇ ಟ್ಯೂಬ್ ಮೇಲೆ ಬರೆದೆವು. ಸ್ವಲ್ಪ ಹೊತ್ತಿನ ಮೇಲೆ ಬೇರೊಬ್ಬರು ಬೇರೆ ಟ್ಯೂಬಿನಲ್ಲಿ ಎರಡನೇ ಸಲ ರಕ್ತ ತೆಗೆದರು. ಒಂದನ್ನು ನಾನು ಮಾಡಿದೆ, ಇನ್ನೊಂದನ್ನು ನನ್ನ ಸಹೋದ್ಯೋಗಿ. ಒಬ್ಬರದು ಇನ್ನೊಬ್ಬರು ನೋಡಲಿಲ್ಲ.

ಆಕೆಯ ಕಣಗಳಿಗೆ ನೀಲಿ ಬಣ್ಣದ ಆಂಟಿ-ಎ, ಹಳದಿ ಬಣ್ಣದ ಆಂಟಿ-ಬಿ, ಬಣ್ಣವಿಲ್ಲದ ಆಂಟಿ-ಡಿ ಎಂಬ ಪರೀಕ್ಷೆಯ ದ್ರಾವಣಗಳು, ಒಂದೊಂದು ಟ್ಯೂಬಿನಲ್ಲಿ ಒಂದೊಂದು. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದ ಮೇಲೆ ತಳದಲ್ಲಿ ಕೆಂಪು ಗುಂಡಿಯಂತೆ ಕಣಗಳು ಕೂತಿರುತ್ತವೆ. ಟ್ಯೂಬನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಓರೆ ಮಾಡಬೇಕು. ಡಿ ಇದ್ದರೆ ಆ ಗುಂಡಿ ಒಂದೇ ತುಂಡಾಗಿ ಅಥವಾ ಹರಳು ಹರಳಾಗಿ ಏಳುತ್ತದೆ. ಈಕೆಯದು ನುಣ್ಣಗೆ ಕರಗಿ, ಟ್ಯೂಬಿನ ಗೋಡೆಗುಂಟ ಕೆಂಪು ನೀರಾಗಿ ಹರಿಯಿತು. ಹಿಂದೆ ಒಂದು ಚೂರೂ ಉಳಿಯಲಿಲ್ಲ. ಎ, ಬಿ ಟ್ಯೂಬುಗಳೂ ಹಾಗೆಯೇ.

ಆಮೇಲೆ ಉಲ್ಟಾ ಪರೀಕ್ಷೆ. ಆಕೆಯ ಪ್ಲಾಸ್ಮಾ ತೆಗೆದುಕೊಂಡು ಗೊತ್ತಿರುವ ಎ ಕಣ, ಬಿ ಕಣ, ಓ ಕಣಕ್ಕೆ ಹಾಕುವುದು. ಎ, ಬಿ ಎರಡೂ ಜೋರಾಗಿ ಅಂಟಿಕೊಂಡವು, ಓ ಅಂಟಲಿಲ್ಲ. ಅಂದರೆ ಆಕೆ ನಿಜವಾದ ಓ. ಓ ಕಣ ಹಾಕಿ ನೋಡುವುದನ್ನು ನಮ್ಮ ಭಾಗದಲ್ಲಿ ಬಿಡಲೇಬಾರದು. 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುರುತಿಸಿದ ಬಾಂಬೆ ಗುಂಪಿನವರು ಮೇಲ್ನೋಟಕ್ಕೆ ಓ ಎಂದೇ ಕಾಣುತ್ತಾರೆ. ಆದರೆ ಅವರಿಗೆ ಓ ರಕ್ತವೂ ಆಗುವುದಿಲ್ಲ. ಮಹಾರಾಷ್ಟ್ರದ ಗಡಿಯಲ್ಲಿರುವ ನಮಗೆ ಅದು ದೂರದ ಸಂಗತಿ ಅಲ್ಲ.

ಉಳಿದದ್ದು ವೀಕ್ ಡಿ. ಆಂಟಿ-ಡಿ ಹಾಕಿದ ಕಣಗಳನ್ನು 37 ಡಿಗ್ರಿಯಲ್ಲಿ ಇಟ್ಟು, ಸಲೈನಿನಲ್ಲಿ ಚೆನ್ನಾಗಿ ತೊಳೆದು, ಕಣಕ್ಕೆ ಅಂಟಿದ ಪ್ರತಿಕಾಯವನ್ನು ತೋರಿಸಿಕೊಡುವ ಕೂಂಬ್ಸ್ ದ್ರಾವಣ ಹಾಕಿ ಮತ್ತೆ ತಿರುಗಿಸಿದೆವು. ಕ್ಷೀಣವಾದ ಡಿ ಇದ್ದರೂ ಈ ಹಂತದಲ್ಲಿ ಕಾಣಬೇಕು. ಕಾಣಲಿಲ್ಲ. ಕೂಂಬ್ಸ್ ದ್ರಾವಣವೇ ಕೆಟ್ಟಿದೆಯೋ ಎಂದು ತಿಳಿಯಲು, ಮೊದಲೇ ಪ್ರತಿಕಾಯ ಅಂಟಿಸಿಟ್ಟ ಖಾತ್ರಿ ಕಣಗಳನ್ನು ಹಾಕಿದೆವು. ಅವು ಅಂಟಿಕೊಂಡವು. ಅಂದರೆ ದ್ರಾವಣ ಸರಿ ಇತ್ತು. ನನ್ನ ಸಹೋದ್ಯೋಗಿಯ ಹಾಳೆಯಲ್ಲೂ ಇದೇ ಫಲಿತಾಂಶ.

ಆಕೆ ಓ ನೆಗೆಟಿವ್. ಹುಟ್ಟಿದಂದಿನಿಂದಲೂ.

ಮುಖ್ಯವಾದ ಇನ್ನೊಂದು ಪರೀಕ್ಷೆ ಉಳಿದಿತ್ತು: ಆಕೆಯ ರಕ್ತದಲ್ಲಿ ಡಿ ವಿರುದ್ಧ ಪ್ರತಿಕಾಯ ಆಗಲೇ ಬಂದಿದೆಯಾ? ಇದನ್ನು ಐಸಿಟಿ, ಅಂದರೆ ಇಂಡೈರೆಕ್ಟ್ ಕೂಂಬ್ಸ್ ಟೆಸ್ಟ್ ಎನ್ನುತ್ತಾರೆ. ಆ ಟ್ಯೂಬನ್ನು ಬೆಳಕಿಗೆ ಹಿಡಿಯುವಾಗ ನನ್ನ ಕೈ ತಣ್ಣಗಾಗಿತ್ತು. ಫಲಿತಾಂಶ ನೆಗೆಟಿವ್. ಪ್ರತಿಕಾಯ ಇರಲಿಲ್ಲ.

ಮೊದಲ ಮಗನ ಗುಂಪನ್ನೂ ನೋಡಿದೆವು: ಎ ಪಾಸಿಟಿವ್. ಗಂಡನೂ ಎ ಪಾಸಿಟಿವ್. ಆಕೆ ಪಾರಾಗಿದ್ದಕ್ಕೆ ಒಂದು ಕಾರಣ ಇಲ್ಲೇ ಇರಬಹುದು. ತಾಯಿ ಓ ಆದ್ದರಿಂದ ಆಕೆಯ ರಕ್ತದಲ್ಲಿ ಎ ವಿರುದ್ಧ ಪ್ರತಿಕಾಯ ಹುಟ್ಟಾ ಇರುತ್ತದೆ. ಒಳಗೆ ಬಂದ ಮಗನ ಎ ಕಣಗಳನ್ನು ಅದು ಬೇಗ ಒಡೆದು ಹಾಕುತ್ತದೆ, ದೇಹಕ್ಕೆ ಡಿ ಅಂಶದ ಗುರುತು ಹಿಡಿಯಲು ಸಮಯವೇ ಸಿಗುವುದಿಲ್ಲ. ಇಂಜೆಕ್ಷನ್ ಇಲ್ಲದೆ ಪಾಸಿಟಿವ್ ಮಗು ಹೆತ್ತ ನೆಗೆಟಿವ್ ತಾಯಂದಿರಲ್ಲಿ, ಎ-ಬಿ-ಓ ಹೊಂದಿಕೆ ಇದ್ದಾಗ ಸುಮಾರು 100ಕ್ಕೆ 16 ಮಂದಿಗೆ ಪ್ರತಿಕಾಯ ಬೆಳೆಯುತ್ತದೆ. ಹೊಂದಿಕೆ ಇಲ್ಲದಾಗ 100ಕ್ಕೆ ಸುಮಾರು 2. ಅದೃಷ್ಟ ಎನ್ನಿ. ಆದರೆ ಎರಡನೇ ಮಗು ಓ ಪಾಸಿಟಿವ್ ಆದರೆ ಆ ರಕ್ಷಣೆ ಇರುವುದಿಲ್ಲ ಎಂದು ಅವರಿಗೆ ಬಿಡಿಸಿ ಹೇಳಿದೆವು.

ಶಾಲೆಯ ಕಾರ್ಡ್ ಹೇಗೆ ತಪ್ಪಿತು

ಆ ಶಿಬಿರದಲ್ಲಿ ನಾವು ಇರಲಿಲ್ಲ. ಆದರೆ ಆಕೆಗೆ ಚೆನ್ನಾಗಿ ನೆನಪಿತ್ತು. ಶಾಲೆಯ ಪಡಸಾಲೆ, ಬಿಸಿಲ ಹೊತ್ತು, ಉದ್ದ ಸಾಲು, ಬೆರಳು ಚುಚ್ಚಿ ಗಾಜಿನ ಮೇಲೆ ಹನಿ. ಈ ಸ್ಲೈಡ್ ವಿಧಾನವನ್ನು ನಾನು ಹೀಗಳೆಯುವುದಿಲ್ಲ, ತಕ್ಷಣದ ಅಂದಾಜಿಗೆ ಅದು ಬೇಕು. ಆದರೆ ಅದನ್ನು ಎರಡು ನಿಮಿಷದೊಳಗೆ ಓದಬೇಕು. ಆಮೇಲೆ ಹನಿಯ ಅಂಚು ಒಣಗಿ ಹರಳಿನಂತೆ ಕಾಣುತ್ತದೆ, ನೆಗೆಟಿವ್ ಇದ್ದದ್ದು ಪಾಸಿಟಿವ್ ಅನ್ನಿಸುತ್ತದೆ. ಒಂದೇ ಕಡ್ಡಿಯಿಂದ ಎರಡು ಹನಿ ಕಲಸಿದರೆ ಕೆಡುತ್ತದೆ. ದ್ರಾವಣ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಬಿಸಿಲಿನಲ್ಲಿಟ್ಟರೆ ಶಕ್ತಿ ಕಳೆದುಕೊಳ್ಳುತ್ತದೆ. ಕಾರ್ಡ್ ಬರೆಯುವವರ ಕೈಯ ರೂಢಿಯೂ ಒಂದು ಕಾರಣ. ನೂರರಲ್ಲಿ ತೊಂಬತ್ತೈದು ಸಲ "ಪಾಸಿಟಿವ್" ಎಂದೇ ಬರೆಯುವ ಕೈ, ನಡುವೆ ಬಂದ ಒಂದು ನೆಗೆಟಿವ್‌ಗೂ ಅದನ್ನೇ ಬರೆದುಬಿಡುತ್ತದೆ. ಇಂಥ ಕಾರ್ಡಿನ ಕೆಳಗೆ "ಚಿಕಿತ್ಸೆಗೆ ಮೊದಲು ಮತ್ತೆ ಪರೀಕ್ಷಿಸಿ" ಎಂದು ಒಂದು ಸಾಲು ಇದ್ದರೆ ಎಷ್ಟು ಒಳ್ಳೆಯದು!

ಮನೆಯೊಳಗಿನ ಮಾತು

ಫಲಿತಾಂಶ ಹೇಳಿದ ದಿನ ಎಲ್ಲ ಮುಗಿಯಿತು ಎಂದುಕೊಂಡಿದ್ದೆವು. ಎರಡು ದಿನ ಬಿಟ್ಟು ಆಕೆ ಒಬ್ಬರೇ ಫೋನ್ ಮಾಡಿದರು. ದನಿ ಸಣ್ಣದಾಗಿತ್ತು. ತವರಿನಲ್ಲಿ ಅಪ್ಪ ಬಿ ಪಾಸಿಟಿವ್, ಅವ್ವ ಓ ಪಾಸಿಟಿವ್. ಇಬ್ಬರೂ ಪಾಸಿಟಿವ್ ಇದ್ದಾಗ ಮಗಳು ನೆಗೆಟಿವ್ ಹೇಗೆ ಎಂದು ನೆಂಟರಲ್ಲಿ ಯಾರೋ ಕೇಳಿದ್ದರು. ಕೇಳಿದವರು ಏನು ಸೂಚಿಸುತ್ತಿದ್ದಾರೆಂದು ಆಕೆಗೆ ಗೊತ್ತಾಗಿತ್ತು. ಅವ್ವ ಅದನ್ನು ಕೇಳಿ ಊಟ ಬಿಟ್ಟಿದ್ದರಂತೆ.

ರಕ್ತದ ಗುಂಪಿನ ಕಾಗದ ಮನೆಗಳಲ್ಲಿ ಇಂಥ ಗಾಯ ಮಾಡುತ್ತದೆ. ಇದನ್ನು ತಡೆಯಬೇಕಾದ್ದು ನಮ್ಮ ಕೆಲಸದ ಭಾಗವೇ ಎಂದು ನಾನು ನಂಬುತ್ತೇನೆ. ಗಂಡನನ್ನೂ ಅತ್ತೆಯನ್ನೂ ಮತ್ತೆ ಕರೆಸಿ, ಕಾಗದದ ಮೇಲೆ ಬರೆದು ತೋರಿಸಿದೆವು. ಒಬ್ಬೊಬ್ಬರಿಗೂ ಈ ಜೀನಿನ ಎರಡು ಪಾಲು ಇರುತ್ತವೆ, ಒಂದು ಅಪ್ಪನಿಂದ, ಒಂದು ಅವ್ವನಿಂದ. ಒಂದು ಪಾಲಿನಲ್ಲಿ ಡಿ ಇದ್ದರೂ ಸಾಕು, ಪರೀಕ್ಷೆಯಲ್ಲಿ ಪಾಸಿಟಿವ್ ಬರುತ್ತದೆ. ಡಿ ಇಲ್ಲದ ಇನ್ನೊಂದು ಪಾಲು ಮರೆಯಲ್ಲಿ ಇರುತ್ತದೆ. ಅಪ್ಪ, ಅವ್ವ ಇಬ್ಬರೂ ತಮ್ಮ ಡಿ ಇಲ್ಲದ ಪಾಲನ್ನೇ ಕೊಟ್ಟರೆ ಮಗು ನೆಗೆಟಿವ್. ಅಂಥ ಜೋಡಿಯಲ್ಲಿ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಬಿ ಮತ್ತು ಓ ಜೋಡಿಗೆ ಓ ಮಗು ಹುಟ್ಟುವುದೂ ಹೀಗೆಯೇ.

ಅತ್ತೆ ಆ ಕಾಗದ ಮಡಚಿ ಕುಬಸದ ಒಳಗಿಟ್ಟುಕೊಂಡರು. "ಇದನ್ನ ನಾನss ಅವರಿಗೆ ತೋರಿಸ್ತೀನಿ. ಬೀಗತಿ ಮ್ಯಾಲೆ ಮಾತ ಬರಬಾರದು" ಎಂದರು. ಹೋಗಿ ತೋರಿಸಿದರು ಕೂಡ.

ಮುಂದೇನಾಯಿತು

28ನೇ ವಾರಕ್ಕೆ ಐಸಿಟಿ ಮತ್ತೆ ಮಾಡಿದೆವು. ಆಗಲೂ ನೆಗೆಟಿವ್. ರಕ್ತ ತೆಗೆದುಕೊಂಡ ಮೇಲೆಯೇ 300 ಮೈಕ್ರೋಗ್ರಾಂ ಆಂಟಿ-ಡಿ ಇಂಜೆಕ್ಷನ್ ಕೊಟ್ಟರು. ಏಳನೇ ತಿಂಗಳು, ಆರತಿ, ಹಸಿರು ಬಳೆ, ಸೀರೆ ಉಡುಗೊರೆಯ ಸಂಭ್ರಮ ಅದೇ ವಾರ ಇತ್ತು. ತವರಿನವರಿಗೆ ಈ ಹೆರಿಗೆಯನ್ನೂ ತಮ್ಮ ಊರಲ್ಲೇ ಮಾಡಿಸುವ ಆಸೆ. ಇಲ್ಲಿ ಇನ್ನೊಂದು ನಿರ್ಧಾರ ಬೇಕಾಯಿತು. ಓ ನೆಗೆಟಿವ್ ಇದ್ದವರಿಗೆ ರಕ್ತ ಬೇಕಾದರೆ ಓ ನೆಗೆಟಿವ್ ರಕ್ತವೇ ಬೇಕು, ಅದು ಎಲ್ಲ ಕಡೆ ಸಿಗುವುದಿಲ್ಲ. ಹೆರಿಗೆ ಬೆಳಗಾವಿಯಲ್ಲಿ, ಬಾಣಂತನ ತವರಿನಲ್ಲಿ ಎಂದು ಎರಡೂ ಮನೆಯವರು ಒಪ್ಪಿಕೊಂಡರು. ಇಬ್ಬರು ಓ ನೆಗೆಟಿವ್ ದಾನಿಗಳಿಗೆ ಮೊದಲೇ ಹೇಳಿ ಇಟ್ಟೆವು. ಅವರನ್ನು ಕರೆಯುವ ಪ್ರಸಂಗ ಬರಲಿಲ್ಲ.

ಹೆಣ್ಣು ಮಗು ಹುಟ್ಟಿತು. ಹೊಕ್ಕುಳಬಳ್ಳಿಯ ರಕ್ತ ನಮ್ಮಲ್ಲಿಗೆ ಬಂತು. ಗುಂಪು: ಓ ಪಾಸಿಟಿವ್. ನಾವು ಹೆದರಿದ್ದ ಗುಂಪೇ. ಆದರೆ ಮಗುವಿನ ಕಣಗಳ ಮೇಲೆ ಪ್ರತಿಕಾಯ ಅಂಟಿರಲಿಲ್ಲ, ಕಾಮಾಲೆಯೂ ಚಿಕಿತ್ಸೆ ಬೇಡುವಷ್ಟು ಏರಲಿಲ್ಲ. ಮರುದಿನವೇ ತಾಯಿಗೆ ಎರಡನೇ ಇಂಜೆಕ್ಷನ್ ಆಯಿತು.

ಹಳೆಯ ಕಾಗದಗಳನ್ನು ಹರಿದು ಹಾಕಬೇಡಿ ಎಂದು ಹೇಳಿದ್ದೆವು. ಮುಂದೆ ಯಾರಾದರೂ ಹಳೆಯ ಫೈಲ್ ನೋಡಿ ಮತ್ತೆ ಗೊಂದಲ ಮಾಡಿಕೊಳ್ಳಬಾರದು. ಶಾಲೆಯ ಕಾರ್ಡ್, ಹಳೆಯ ತಾಯಿ ಕಾರ್ಡ್ ಎರಡರ ಮೇಲೂ ವೈದ್ಯರು ಗುಂಪಿಗೆ ಅಡ್ಡಗೆರೆ ಎಳೆದು, ದಿನಾಂಕ, ಕಾರಣ ಬರೆದು ಸಹಿ ಮಾಡಿದರು. ಈಗ ನಮ್ಮ ಕೌಂಟರಿನಲ್ಲಿ ಯಾರಾದರೂ ಹಳೆಯ ಗುಂಪು ಹೇಳಿದರೆ ಅದರ ಮುಂದೆ ಇನ್ನೂ ಮೂರು ಮಾತು ಬರೆದುಕೊಳ್ಳುತ್ತೇವೆ: ಯಾವಾಗ ಪರೀಕ್ಷೆ ಆಯಿತು, ಎಲ್ಲಿ ಆಯಿತು, ರಕ್ತ ತೆಗೆದು ನೋಡಿದ್ದರೋ ಇನ್ನೊಂದು ಕಾಗದ ನೋಡಿ ಬರೆದಿದ್ದರೋ.

ಆಕೆಯ ತಮ್ಮ, ತಂಗಿ ಇಬ್ಬರೂ ಬಂದು ಪರೀಕ್ಷೆ ಮಾಡಿಸಿಕೊಂಡರು. ತಮ್ಮ ಬಿ ಪಾಸಿಟಿವ್. ತಂಗಿ, ಬಾಗಲಕೋಟೆಯಲ್ಲಿ ಓದುತ್ತಿರುವ ಹುಡುಗಿ, ಬಿ ನೆಗೆಟಿವ್. ಅವ್ವನಿಗೆ ಹೊಸ ಚಿಂತೆ. "ಲಗ್ನದ ಮಾತ ನಡದೈತ್ರಿ. ಇದನ್ನ ಹೇಳೂದ ಬ್ಯಾಡ" ಎಂದರು. ಅಕ್ಕ ಒಪ್ಪಲಿಲ್ಲ. ಮುಚ್ಚಿಟ್ಟರೆ ಇಂಜೆಕ್ಷನ್ ತಪ್ಪುತ್ತದೆ, ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ ಎಂದು ತಾನೇ ಗಂಡಿನ ಮನೆಯವರ ಜೊತೆ ಮಾತಾಡಿದರು. ಅವರಿಗೆ ತಮ್ಮ ವೈದ್ಯರನ್ನು ಕೇಳಿದ ಮೇಲೆ ತಕರಾರು ಉಳಿಯಲಿಲ್ಲ.

ಆ ತಂಗಿಯ ಹೆಸರು ಈಗ ನಮ್ಮ ದಾನಿಗಳ ಪಟ್ಟಿಯಲ್ಲಿದೆ. ಅಕ್ಕನ ಲೈಸೆನ್ಸಿನಲ್ಲಿ ಇನ್ನೂ ಓ ಪಾಸಿಟಿವ್ ಎಂದೇ ಇದೆ. ಅದನ್ನು ತಿದ್ದಿಸಲು ಅರ್ಜಿ ಕೊಟ್ಟಿದ್ದಾರೆ. ತಿದ್ದಿದ್ದು ಕೈಗೆ ಬರುವತನಕ ನಮ್ಮ ವರದಿಯ ಒಂದು ಪ್ರತಿಯನ್ನು ಲೈಸೆನ್ಸಿನ ಜೊತೆಯಲ್ಲೇ ಪರ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ.